ನೀರು ಬರುವುದಿಲ್ಲ ಎಂದು ಹೇಳಿದವಳಿಗೆ

ಮನೆ, ಹಿಂದಿನ ಕೋಣೆ
ಶನಿವಾರ, ಜೂನ್ ೧೪

ಪ್ರೀತಿಯ ಚೂಟಿ,

ಹೇಗಿದ್ದೀಯ? ಆ ಒಣ ಕೆಮ್ಮು ಬಿಟ್ಟಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲಾ ಸಿಟ್ಟು ಬಂದಾಗಿನ ನಿನ್ನ ಹಳೇ ಚಾಳಿಯಂತೆ ಬರೀ ಚಹಾ ಕುಡಿದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೀಯೋ? ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ನನ್ನ ಮಾತು ಕೇಳುವುದನ್ನು ಬಿಟ್ಟು ವರ್ಷವಾಯಿತು, ಈ ಮನೆಯಲ್ಲಿ ಉಳಿದವರ ಹಾಗೆಯೇ. ಹತ್ತು ದಿನದಿಂದ ನೀನು ಫೋನು ಎತ್ತುತ್ತಿಲ್ಲ. ಎತ್ತಬೇಡ ಬಿಡು. ಫೋನಿನಲ್ಲಾದರೆ ಅರ್ಧ ಮಾತಿಗೆ ಕುಕ್ಕಿಬಿಡುತ್ತೀಯ. ಕಾಗದವನ್ನು ನೀನು ಸಿಟ್ಟಿನಲ್ಲಿ ಹರಿದರೂ ಆಮೇಲೆ ಚೂರುಗಳನ್ನು ಜೋಡಿಸಿಕೊಂಡು ಓದುವವಳು. ಅಜ್ಜಿಗೆ ಅಷ್ಟೂ ಗೊತ್ತಿಲ್ಲವೇ?

ಮೊದಲು ಮನೆಯ ಸುದ್ದಿ. ತಲುಪಿಸು ಎಂದು ನೀನು ಕಳಿಸಿದ ರಾಜೀನಾಮೆಯ ಲಕೋಟೆಯನ್ನು ನಿಮ್ಮಪ್ಪ ನಿನ್ನೆ ಇಲ್ಲಿನ ವಾರ್ತಾ ಇಲಾಖೆಯ ಮುಖ್ಯ ಕಚೇರಿಗೆ ತಾನೇ ಹೋಗಿ ಕೊಟ್ಟು ಬಂದ. ಅದಕ್ಕಾಗಿ ಅರ್ಧ ದಿನ ರಜೆ ಹಾಕಿ, ಶರಟಿಗೆ ಇಸ್ತ್ರಿ ಮಾಡಿಕೊಂಡು ಹೋಗಿದ್ದ. ಮೊಹರು ಒತ್ತಿದ ಸ್ವೀಕೃತಿ ಚೀಟಿಯನ್ನು ಬೀರುವಿನಲ್ಲಿ ಮನೆಪತ್ರದ ಪಕ್ಕ ಇಟ್ಟಿದ್ದಾನೆ. ಸಂಜೆ ಊಟದ ಮೇಜಿನಲ್ಲಿ, "ಒಂದು ತಲೆನೋವು ಕಳೀತು, ಇನ್ನು ವಿಚಾರಣೆ ಗಿಚಾರಣೆ ಏನೂ ಇಲ್ಲ" ಎಂದ. ನಿಮ್ಮಮ್ಮ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದಳು. ನಿಮ್ಮಪ್ಪನ ಮೇಲೆ ನನಗೆ ಕೋಪವಿಲ್ಲ. ಅವನು ಚಿಕ್ಕವನಿದ್ದಾಗ ನಾನು ಅದೇ ಇಲಾಖೆಯ ಪ್ರಚಾರದ ವ್ಯಾನಿನಲ್ಲಿ ಊರೂರು ಸುತ್ತುತ್ತಿದ್ದೆ. ಶಾಲೆಯ ನಾಟಕದಲ್ಲಿ ಅವನು ಮೂರು ವರ್ಷ ರಾಜನ ಪಾತ್ರ ಮಾಡಿದ, ಒಂದಕ್ಕೂ ನಾನು ಹೋಗಲಿಲ್ಲ. ಆ ಇಲಾಖೆ ತನ್ನ ಅಮ್ಮನನ್ನು ತಿಂದು ಹಾಕಿತು ಎಂಬುದು ಅವನ ಹೊಟ್ಟೆಯೊಳಗಿನ ಸಂಕಟ. ಈಗ ಮಗಳನ್ನೂ ತಿನ್ನಲು ಬಿಡಬಾರದು ಎಂದುಕೊಂಡಿದ್ದಾನೆ, ಅಷ್ಟೇ.

ನೀನು ಅವನಿಗೆ ಬರೆದ ಕಾಗದವನ್ನು ನಾನು ನಾಲ್ಕು ಸಲ ಓದಿದೆ. ನಾಲ್ಕು ಸಲವೂ ನನಗೆ ಕಂಡದ್ದು ಒಂದೇ. ನೀನು ತಪ್ಪು ಮಾಡಿಲ್ಲ. ನಿನ್ನ ಮೇಜಿಗೆ ಬಂದ ಕರಡು ಹೀಗಿತ್ತಲ್ಲವೇ: "ಮುಖ್ಯ ಕೊಳವೆ ಮಾರ್ಗದ ದುರಸ್ತಿ ಕಾಮಗಾರಿ ಪ್ರಯುಕ್ತ ಸದರಿ ವಲಯಗಳ ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗುವ ಸಂಭವವಿದ್ದು, ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ." ದೇವರೇ, ನಾನು ನಿವೃತ್ತಳಾಗಿ ಇಪ್ಪತ್ತೊಂದು ವರ್ಷವಾಯಿತು, ಆ 'ಸದರಿ' ಇನ್ನೂ ನಿವೃತ್ತವಾಗಿಲ್ಲ. ನೀನು ಅದನ್ನು ಎತ್ತಿಕೊಂಡು ಕೆಳಗೆ ಕ್ಯಾಂಟೀನಿಗೆ ಹೋಗಿ, ಲೋಟ ತೊಳೆಯುತ್ತಿದ್ದ ಅಕ್ಕನಿಗೆ ಗಟ್ಟಿಯಾಗಿ ಓದಿದೆ. ಆಕೆ ಕೈ ಒರೆಸಿಕೊಂಡು ಕೇಳಿದ್ದು ಒಂದೇ ಮಾತು: "ಅದೆಲ್ಲ ಇರ್ಲಿ ಮೇಡಂ, ನೀರು ಬರುತ್ತೋ ಇಲ್ವೋ?" ನೀನು, "ನಾಡಿದ್ದಿನಿಂದ ಮೂರು ದಿನ ಬರಲ್ಲ ಅಕ್ಕಾ" ಎಂದೆ. ಮೇಲೆ ಬಂದು ಕರಡನ್ನು ಹೊಡೆದು ಹಾಕಿ, ಅದೇ ಮಾತನ್ನು ಒಂದು ಸಾಲಿನಲ್ಲಿ ಬರೆದು, ನಿರ್ದೇಶಕರ ಸಹಿಗೆ ಕಳಿಸಿದೆ. ನಿರ್ದೇಶಕರು ಪ್ರವಾಸದಲ್ಲಿದ್ದರು. ಸಹಿ ಆಗಿ ಪ್ರಕಟಣೆ ಹೊರಬಿದ್ದದ್ದು ನಲ್ಲಿ ಒಣಗಿದ ಎರಡನೇ ದಿನ. ಅಷ್ಟರಲ್ಲಿ ಕ್ಯಾಂಟೀನಿನ ಅಕ್ಕನ ಬೀದಿಯಲ್ಲಿ ಮಾತ್ರ ಬಕೆಟ್ಟು, ಡ್ರಮ್ಮು, ಮಗುವಿನ ಸ್ನಾನದ ತೊಟ್ಟಿ ಎಲ್ಲವೂ ತುಂಬಿ ನಿಂತಿದ್ದವು. ಉಳಿದ ಬೀದಿಗಳವರು ಖಾಲಿ ಕೊಡ ಹಿಡಿದು ನಿಮ್ಮ ಕಚೇರಿಯ ಮುಂದೆ ಬಂದು ಕೂಗಾಡಿದರು. ಆ ಒಂದು ಬೀದಿಗೆ ಮೊದಲೇ ಹೇಗೆ ಗೊತ್ತಾಯಿತು ಎಂದು ಪತ್ರಿಕೆಯವರು ಕೇಳಿದರು. ಉಳಿದವರಿಗೆ ಏಕೆ ಗೊತ್ತಾಗಲಿಲ್ಲ ಎಂದು ಇಲಾಖೆಯಲ್ಲಿ ಒಬ್ಬರಾದರೂ ಕೇಳಬೇಕಿತ್ತು. ಅದನ್ನು ಬಿಟ್ಟು, ಅನುಮೋದನೆಯಾಗದ ಕರಡನ್ನು ಹೊರಗಿನವರಿಗೆ ತಿಳಿಸಿದ್ದು ಯಾರು ಎಂದು ಹುಡುಕಲು ಹೊರಟರು. ನೀನು "ನಾನೇ" ಎಂದು ಒಪ್ಪಿಕೊಂಡೆ. ಅಲ್ಲಿಯವರೆಗೆ ಭೇಷ್.

ಆಮೇಲೆ ಅವರು ನಿನ್ನ ಮುಂದೆ ಒಂದು ಕ್ಷಮಾಪಣೆ ಪತ್ರ ಇಟ್ಟರು. "ನನ್ನ ಅಜಾಗರೂಕತೆಯಿಂದ" ಎಂದು ಶುರುವಾಗುವಂಥದ್ದು. ಸಹಿ ಹಾಕು, ಇಲ್ಲವಾದರೆ ಗುರುವಾರ ಹತ್ತೂವರೆಗೆ ಮುಖ್ಯ ಕಚೇರಿಯಲ್ಲಿ ವಿಚಾರಣೆ, ಪ್ರೊಬೇಷನ್ನಿನಲ್ಲೇ ಮನೆಗೆ ಕಳಿಸುತ್ತೇವೆ ಎಂದರು. ಸುಳ್ಳಿಗೆ ಸಹಿ ಹಾಕಲಾರೆ ಎಂದು ನೀನು ರಾಜೀನಾಮೆ ಬರೆದೆ. ಅದನ್ನೇ ದೊಡ್ಡ ಸ್ವಾಭಿಮಾನ ಎಂದುಕೊಂಡೆಯಾ, ಕತ್ತೆ? ಅವರಿಗೆ ಬೇಕಾದದ್ದೂ ಅದೇ. ಹುಡುಗಿ ತಾನಾಗಿ ಎದ್ದು ಹೋದರೆ ಯಾರೂ ಯಾರಿಗೂ ಉತ್ತರ ಹೇಳಬೇಕಿಲ್ಲ, ಅವರು ಕೈ ತೊಳೆದುಕೊಂಡು ಚಹಾಕ್ಕೆ ಹೋಗುತ್ತಾರೆ. ನೀನು ಅಲ್ಲಿ ಕುರ್ಚಿಯ ಮೇಲೆ ಕೂತು, ಹೌದು ಓದಿದೆ, ಮುಂದಿನ ಕರಡನ್ನೂ ಓದುತ್ತೇನೆ, ಹಾಗೆ ಓದುವುದೇ ನನ್ನ ಕೆಲಸ ಎಂದು ಹೇಳಬೇಕಿತ್ತು. ಎದ್ದು ಬರುವುದು ಬಹಳ ಸುಲಭ ಮಗಳೇ, ಕೂತುಕೊಳ್ಳುವುದಕ್ಕೆ ಗಟ್ಟಿ ಎದೆ ಬೇಕು.

ಈಗ ನಿನಗೆ ಹೇಳದೆ ಇದ್ದದ್ದನ್ನು ಹೇಳುತ್ತೇನೆ. ನಿಮ್ಮಜ್ಜನಿಗೂ ಹೇಳಿರಲಿಲ್ಲ, ನಿಮ್ಮಪ್ಪನಿಗೂ ಹೇಳಿಲ್ಲ. ಹೊಸದಾಗಿ ಸೇರಿದವರಿಗೆ ಈ ವೃತ್ತಿಯ ಬಗ್ಗೆ ನಾಲ್ಕು ಮಾತು ಆಡಿ ಎಂದು ಇಲಾಖೆಯವರು ನನ್ನನ್ನು ಪ್ರತಿ ವರ್ಷ ಕರೆಯುತ್ತಾರಲ್ಲ, ಚಿಕ್ಕವಳಿದ್ದಾಗ ನೀನೂ ಒಂದು ಸಲ ಬಂದು ಹಿಂದಿನ ಬೆಂಚಿನಲ್ಲಿ ಬಿಸ್ಕತ್ತು ತಿನ್ನುತ್ತಾ ಕೂತಿದ್ದೆ. ಇಪ್ಪತ್ತೆರಡನೇ ವಯಸ್ಸಿಗೆ ಒಬ್ಬಳೇ ಹೆಂಗಸಾಗಿ ವ್ಯಾನು ಹತ್ತಿದ್ದು, ಧ್ವನಿವರ್ಧಕ ಕೆಟ್ಟಾಗ ಗಂಟಲು ಹರಿದುಕೊಂಡು ಬರೀ ಬಾಯಲ್ಲಿ ಇಡೀ ಸಂತೆಗೆ ಲಸಿಕೆಯ ದಿನ ಸಾರಿದ್ದು, ಎಲ್ಲವನ್ನೂ ಹೇಳುತ್ತೇನೆ. ನಮ್ಮ ಕಚೇರಿಯ ಕಸ ಗುಡಿಸುವ ಅಕ್ಕನ ವಿಷಯವನ್ನೂ ಹೇಳುತ್ತೇನೆ. ಆಕೆಗೆ ಓದು ಬರುತ್ತಿರಲಿಲ್ಲ. ಪ್ರತಿ ಕರಡನ್ನೂ ಮೊದಲು ಆಕೆಗೆ ಓದುತ್ತಿದ್ದೆ. ಆಕೆ ಪೊರಕೆ ಗೋಡೆಗೆ ಒರಗಿಸಿ, ಸೊಂಟದ ಮೇಲೆ ಕೈಯಿಟ್ಟು ಕೇಳಿ, ತನ್ನ ಮಾತಿನಲ್ಲಿ ನನಗೆ ತಿರುಗಿ ಹೇಳಬೇಕು. ಹೇಳಲಾಗದಿದ್ದರೆ ಕರಡನ್ನು ಹರಿದು ಹೊಸದಾಗಿ ಬರೆಯುತ್ತಿದ್ದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನೀನು ಆ ಅಭ್ಯಾಸವನ್ನು ಕಲಿತದ್ದೂ ಆ ಬೆಂಚಿನಲ್ಲೇ.

ಆದರೆ ನಾನು ಪೂರ್ತಿ ಹೇಳುವುದಿಲ್ಲ. ನನ್ನ ನೌಕರಿಯ ಒಂಬತ್ತನೇ ವರ್ಷ ನನಗೂ ನಿನ್ನಂತೆಯೇ ಆಯಿತು. ಬಸ್ಸಿನ ದಾರಿ ಬದಲಾಗುವ ಸುದ್ದಿ ಕಸ ಗುಡಿಸುವ ಆ ಅಕ್ಕನಿಂದ ಊರಿಗೆಲ್ಲ ಹಬ್ಬಿತು, ಮಂತ್ರಿಗಳು ಘೋಷಿಸಬೇಕಾದದ್ದು ಮೊದಲೇ ಹಳಸಿತು ಎಂದು ಮೇಲಿನವರು ಕೆಂಡವಾದರು. ನನ್ನ ಮುಂದೆಯೂ ಒಂದು ಪತ್ರ ಇಟ್ಟರು. ಅದೂ "ನನ್ನ ಅಜಾಗರೂಕತೆಯಿಂದ" ಎಂದೇ ಶುರುವಾಗುತ್ತಿತ್ತು. ಎಷ್ಟು ಸರ್ಕಾರಗಳು ಬಂದು ಹೋದವು, ಆ ಮಾದರಿ ಪತ್ರ ಮಾತ್ರ ಅಲ್ಲಾಡಿಲ್ಲ ನೋಡು. ನಾನು ಸಹಿ ಹಾಕಿದೆ ಚೂಟಿ. ಮನೆಯಲ್ಲಿ ನಿಮ್ಮಪ್ಪ ಐದು ವರ್ಷದವನು, ನಿಮ್ಮಜ್ಜನ ಕಾರ್ಖಾನೆ ಬಾಗಿಲು ಹಾಕಿತ್ತು. ಕಾರಣಗಳಿಗೇನು ಬರ? ಸಹಿ ಹಾಕಿದ ಮರುದಿನದಿಂದ ಆಕೆಗೆ ಓದುವುದನ್ನು ಬಿಟ್ಟೆ. ಆಕೆ ಪೊರಕೆ ಹಿಡಿದು ಬಾಗಿಲಲ್ಲಿ ನಿಂತರೆ ನಾನು ಕಾಗದದಿಂದ ತಲೆ ಎತ್ತುತ್ತಿರಲಿಲ್ಲ. ನಾಲ್ಕು ದಿನ ನಿಂತಳು. ಐದನೇ ದಿನ ನಿಲ್ಲಲಿಲ್ಲ.

ಹಾಗೆ ಆರು ವರ್ಷ. ಆರನೇ ವರ್ಷ ಕಾಲುವೆ ಅಗಲ ಮಾಡುವ ಕೆಲಸ ಬಂತು, ದಂಡೆಯ ಮೇಲಿನ ಮನೆಗಳವರು ಹತ್ತನೇ ತಾರೀಖಿನೊಳಗೆ ಜಾಗ ಬಿಡಬೇಕಿತ್ತು. ಆ ಪ್ರಕಟಣೆ ಬರೆದವಳು ನಾನೇ. ಎರಡು ಪುಟ. 'ತತ್ಸಂಬಂಧ', 'ತೆರವುಗೊಳಿಸತಕ್ಕದ್ದು', ಎಲ್ಲ ಅಲಂಕಾರಗಳೂ ಇದ್ದವು. ಮೇಲಿನವರು ಬೆನ್ನು ತಟ್ಟಿದರು. ಅದರ ಪ್ರತಿ ಹದಿನೈದು ದಿನ ನನ್ನ ಮೇಜಿನ ಮೇಲಿತ್ತು. ಆಕೆ ದಿನಾ ಬೆಳಿಗ್ಗೆ ಅದನ್ನು ಎತ್ತಿ, ಮೇಜು ಒರೆಸಿ, ಮತ್ತೆ ಅದೇ ಜಾಗದಲ್ಲಿ ಇಡುತ್ತಿದ್ದಳು. ಆಕೆಯ ಮನೆ ಕಾಲುವೆಯ ದಂಡೆಯ ಮೇಲಿತ್ತು. ಹನ್ನೊಂದನೇ ತಾರೀಖು ಆಕೆ ಕೆಲಸಕ್ಕೆ ಬಂದಾಗ ಅಲ್ಲಿ ಯಂತ್ರ ಮನೆ ಕೆಡವಿತು, ಒಳಗಿದ್ದ ಪಾತ್ರೆ, ಹಾಸಿಗೆ, ಮಗಳ ಹೊಲಿಗೆ ಯಂತ್ರದ ಸಮೇತ. ಮರುದಿನ ಬಂದು ಎಂದಿನಂತೆ ಗುಡಿಸಿದಳು. ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು: "ಒಂದ್ಸಲ ಓದಿ ಹೇಳ್ಬೋದಿತ್ತಲ್ಲಮ್ಮ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ಹೇಳಿ ಕಸದ ಬುಟ್ಟಿ ಎತ್ತಿಕೊಂಡು ಹೋದಳು.

ಅಂದಿನಿಂದ ನಿವೃತ್ತಿಯ ದಿನದವರೆಗೆ, ಹತ್ತೊಂಬತ್ತು ವರ್ಷ, ಯಾರಿಗಾದರೂ ಓದಿ ಹೇಳದೆ ಒಂದು ಸಾಲನ್ನೂ ನಾನು ಹೊರಗೆ ಬಿಡಲಿಲ್ಲ. ಎರಡು ಸಲ ನೋಟಿಸು ಕೊಟ್ಟರು, ಒಂದು ಸಲ ಎತ್ತಂಗಡಿ ಮಾಡಿದರು. ಹೋದಲ್ಲಿಯೂ ಓದಿದೆ. ಆದರೆ ನಾನು ಹಾಕಿದ ಆ ಸಹಿ ಮಾತ್ರ ಫೈಲಿನಲ್ಲಿ ಹಾಗೇ ಇದೆ. ಓದಿ ಹೇಳುವುದು ಅಜಾಗರೂಕತೆ ಎಂದು ಒಪ್ಪಿಕೊಂಡವರಲ್ಲಿ ಮೊದಲನೆಯವಳು ನಿನ್ನ ಅಜ್ಜಿ. ನಾಳೆ ನಿನ್ನ ಜಾಗಕ್ಕೆ ಬರುವ ಹುಡುಗಿಗೆ ಅವರು ಆ ಫೈಲು ತೋರಿಸಿಯೇ ಹೆದರಿಸುತ್ತಾರೆ. ಈ ನೌಕರಿ ಅವರಪ್ಪನ ಆಸ್ತಿಯಲ್ಲ. ಊರಿನ ಸುದ್ದಿಯನ್ನು ಊರಿಗೆ ತಿಳಿಯುವ ಹಾಗೆ ಹೇಳುವುದಕ್ಕೆ ಸಂಬಳ ಕೊಡುತ್ತಾರೆ, ಹೇಳಿಯೇ ತೀರಬೇಕು. ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ, ಇದಕ್ಕಿಂತ ಕೆಟ್ಟದಾಗಿ ಮಾಡಬಹುದಾದ ಕೆಲಸವೂ ಗೊತ್ತಿಲ್ಲ.

ಕ್ಯಾಂಟೀನಿನ ಅಕ್ಕನಿಗೆ ನನ್ನ ನಮಸ್ಕಾರ ಹೇಳು. ಆಕೆಯ ಮೇಲೆ ಏನಾದರೂ ಗದರಿದ್ದಾರೆಯೇ ಎಂದು ವಿಚಾರಿಸಿಕೋ, ಇಂಥದ್ದರಲ್ಲಿ ಮೊದಲು ಪೆಟ್ಟು ಬೀಳುವುದು ಅಂಥವರಿಗೇ. ನಿಮ್ಮಮ್ಮ ಪ್ರೀತಿ ತಿಳಿಸಿದ್ದಾಳೆ. ನಿಮ್ಮಪ್ಪನೂ ತಿಳಿಸಿದ್ದಾನೆ ಎಂದೇ ಇಟ್ಟುಕೋ. ಆರೋಗ್ಯವಾಗಿರು, ತಲೆ ಎತ್ತಿಕೊಂಡಿರು, ನಿನ್ನ ನಾಲಿಗೆ ಯಾವತ್ತೂ ಮೊಂಡಾಗದಿರಲಿ.

ನಿನ್ನ ಹಟಮಾರಿ
ಅಜ್ಜಿ

ಮರೆತಿದ್ದೆ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆ ಹೊರಡುವ ಹೊತ್ತಾಯಿತು. ನಿಮ್ಮಪ್ಪ ನಿನ್ನೆ ಕೊಟ್ಟು ಬಂದ ಲಕೋಟೆಯಲ್ಲಿ ನಿನ್ನ ರಾಜೀನಾಮೆ ಇರಲಿಲ್ಲ. ಅವನು ಸ್ನಾನಕ್ಕೆ ಹೋದಾಗ ಕೆಟಲಿನ ಹಬೆಯಲ್ಲಿ ಲಕೋಟೆ ಬಿಚ್ಚಿ ನನ್ನ ಹೇಳಿಕೆಯನ್ನು ಒಳಗಿಟ್ಟು ಅಂಟಿಸಿದೆ. ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯಲ್ಲಿ ಇದ್ದವಳಿಗೆ ಅಷ್ಟೂ ಬಾರದೇ? ಆ ಬಸ್ಸಿನ ದಾರಿ, ನನ್ನ ಸಹಿ, ಕಾಲುವೆಯ ಮನೆ, ಎಲ್ಲವನ್ನೂ ನನ್ನ ಹೆಸರು ಹಾಕಿ ಬರೆದಿದ್ದೇನೆ. ಆ ಸಹಿಯನ್ನು ವಾಪಸು ಪಡೆಯುತ್ತೇನೆ ಎಂದೂ ಬರೆದಿದ್ದೇನೆ. ಬೀರುವಿನಲ್ಲಿರುವ ಸ್ವೀಕೃತಿ ಅದರದ್ದು, ನಿಮ್ಮಪ್ಪನಿಗೆ ಇನ್ನೂ ಗೊತ್ತಿಲ್ಲ. ಆದ್ದರಿಂದ ನೀನು ಇನ್ನೂ ನೌಕರಿಯಲ್ಲಿದ್ದೀಯ, ಗುರುವಾರದ ವಿಚಾರಣೆಯೂ ಇದೆ. ನಿನ್ನ ರಾಜೀನಾಮೆ ಹರಿದಿಲ್ಲ, ನನ್ನ ಹತ್ತಿರವಿದೆ. ಬೇಕೇ ಬೇಕು ಎಂದರೆ ಗುರುವಾರ ಸಂಜೆ ಕೊಡುತ್ತೇನೆ. ಬೆಳಿಗ್ಗೆ ಹತ್ತಕ್ಕೆ ನಾನು ಮುಖ್ಯ ಕಚೇರಿಯಲ್ಲಿ, ವಿಚಾರಣೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಇರುತ್ತೇನೆ. ಹತ್ತೂವರೆಗೆ ನಿನ್ನ ಹೆಸರು ಕೂಗುತ್ತಾರೆ. ನೀನು ಬಂದಿರದಿದ್ದರೆ ನಾನು ಎದ್ದು ಒಳಗೆ ಹೋಗುತ್ತೇನೆ.