ಕುಡುಗೋಲು ಹಿಡಿದ ಎಡಗೈ

ಮಾರ್ಚ್ 9, ಭಾನುವಾರ ಮಧ್ಯಾಹ್ನ

ಮಗಳ ಅಪ್ಪನಿಗೆ,

ನಿಮ್ಮ ಕಾಗದ ತಲುಪಿತು. ಅಷ್ಟು ಜನರೆದುರು ಮಾನ ತೆಗೆಯುವ ಬದಲು ಒಂದು ಫೋನ್ ಮಾಡಬಹುದಿತ್ತು ಎಂದು ಬರೆದಿದ್ದೀರಿ. ಫೋನಿನಲ್ಲಿ ನಿಮ್ಮ ಮುಖ ಕಾಣುತ್ತಿರಲಿಲ್ಲ. ನನಗೆ ಅದನ್ನು ನೋಡಬೇಕಿತ್ತು.

ಇಪ್ಪತ್ನಾಲ್ಕು ವರ್ಷಗಳ ಹಿಂದೆ, ಟೈಲರ್ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಆ ವಿಡಿಯೋ ಗೇಮ್ ಮಾಡಿದ್ದು ನಾವಿಬ್ಬರು. ಕಂಪ್ಯೂಟರಿನ ಕೆಲಸ ನಿಮ್ಮದು, ಚಿತ್ರದ ಕೆಲಸ ನನ್ನದು. ಈಟಿಯವನು, ಸರಪಳಿಯವನು, ಕುಡುಗೋಲಿನವಳು ಎಂದು ಎಂಟು ಕಾದಾಳುಗಳು. ಒಂದೊಂದು ಏಟಿಗೂ ಹತ್ತಾರು ಚಿತ್ರ ಬರೆದೆ. ತೆರೆಯ ಮೇಲೆ ಬಂದದ್ದು ಮಾತ್ರ ನಿಮ್ಮ ಹೆಸರೊಂದೇ. ಕೇಳಿದ್ದಕ್ಕೆ, "ಒಂದೇ ಮನೆ ತಾನೇ, ಯಾರ ಹೆಸರಿದ್ದರೇನು" ಅಂದಿರಿ. ಆಟ ಮಕಾಡೆ ಮಲಗಿತು. ಗೇಮ್ ಪಾರ್ಲರಿನಲ್ಲಿ ಪಕ್ಕದ ಮೆಷಿನ್ನಿನ ಬರಿಗೈ ಗುದ್ದಾಟಕ್ಕೆ ಜನ ಸಾಲುಗಟ್ಟುತ್ತಿದ್ದರು. ನಮ್ಮದರ ಮೇಲೆ ಚೀಲ ಇಡುತ್ತಿದ್ದರು. ಸೋತ ಆಟದ ಹೆಸರಿಗೆ ಜಗಳವೇಕೆಂದು ಸುಮ್ಮನಾದೆ. ಸಂಸಾರ ಮುರಿದಾಗಲೂ ಆ ಮಾತೆತ್ತಲಿಲ್ಲ.

ಹೋದ ವರ್ಷ ಒಬ್ಬ ಮೆಕ್ಯಾನಿಕ್‌ಗೆ, ಮುಚ್ಚಿಹೋದ ಸಿನಿಮಾ ಮಂದಿರದ ಗೋದಾಮಿನಲ್ಲಿ, ಟಾರ್ಪಾಲಿನ ಕೆಳಗೆ ನಮ್ಮ ಮೆಷಿನ್ ಸಿಕ್ಕಿತಂತೆ. ಧೂಳು ಕೊಡವಿ, ವೈರು ಬದಲಿಸಿ ಓಡಿಸಿದ. ನೋಡನೋಡುತ್ತಲೇ ಹುಡುಗ ಹುಡುಗಿಯರಿಗೆ ಅದರ ಹುಚ್ಚು ಹಿಡಿಯಿತು. ಆಗಲೇ ಮಗಳು ನಿಮ್ಮ ಸಂದರ್ಶನ ತೋರಿಸಿದ್ದು. "ಎಲ್ಲಾ ನಾನೊಬ್ಬನೇ ಮಾಡಿದ್ದು. ಪಾಪ, ಹೆಂಡ್ತಿ ಆಗಾಗ ಟೀ ಮಾಡಿಕೊಡ್ತಿದ್ಳು" ಅಂದಿರಿ. ಆ 'ಪಾಪ' ಅನ್ನುವ ಮಾತನ್ನು ಎರಡು ಸಲ ಹಾಕಿಸಿ ಕೇಳಿದೆ. ಮಗಳು ನನ್ನ ಮುಖ ನೋಡಿ, "ಬಿಟ್ಟುಬಿಡಮ್ಮಾ" ಅಂದಳು. ನಾನು ಸ್ಟೂಲು ಹತ್ತಿ ಅಟ್ಟದಿಂದ ಹನ್ನೊಂದು ಡ್ರಾಯಿಂಗ್ ಪುಸ್ತಕಗಳನ್ನು ಇಳಿಸಿದೆ.

ಆಟದ ಹುಚ್ಚಿನ ಆ ಹುಡುಗರು ನಿಮಗೆ ಸನ್ಮಾನ ಮಾಡಿದ ದಿನ ಮೂರನೇ ಸಾಲಿನಲ್ಲಿ ಕೂತಿದ್ದೆ. ನಿಮಗೆ ಗುರುತು ಸಿಗಲಿಲ್ಲ. ಕುಡುಗೋಲಿನವಳು ಯಾಕೆ ಎಡಗೈಯಲ್ಲಿ ಬೀಸುತ್ತಾಳೆ, ಯಾಕೆ ಬಲಗಾಲು ಮಡಚುವುದಿಲ್ಲ ಎಂದು ಮೆಕ್ಯಾನಿಕ್ ಕೇಳಿದ. ವೈವಿಧ್ಯ ಇರಲಿ ಅಂತ, ಅಂದಿರಿ.

ನಾನು ಎದ್ದು ನಿಂತೆ. "ವೈವಿಧ್ಯಕ್ಕಲ್ಲ. ನಾನು ಎಡಚಿ. ಮನೇಲಿ ಸೌಟು ಬೀಸಿ ನೋಡಿ ಬರೆದಿದ್ದು. ಆ ತಿಂಗಳು ಮೆಟ್ಟಿಲಿಂದ ಬಿದ್ದಿದ್ದೆ, ಬಲಮೊಣಕಾಲು ಮಡಚೋಕೆ ಆಗ್ತಿರಲಿಲ್ಲ." ಆಮೇಲೆ, ಅಲ್ಲೇ ಇದ್ದ ಬೋರ್ಡಿನ ಮೇಲೆ ಅವಳ ಚಿತ್ರ ಒಂದು ಬರೆದು ತೋರಿಸಿ ಎಂದು ನಿಮ್ಮನ್ನು ಕೇಳಿದೆ. ನೀವು ಪೆನ್ನಿನ ಮುಚ್ಚಳ ತೆಗೆದಿರಿ, ಹಾಕಿದಿರಿ. "ಬಹಳ ವರ್ಷ ಆಯ್ತಲ್ಲ" ಅಂದಿರಿ. ಯಾರೂ ನಗಲಿಲ್ಲ. ನಾನು ತಂದಿದ್ದ ಪುಸ್ತಕಗಳು ಕೈಯಿಂದ ಕೈಗೆ ಹೋಗುತ್ತಿದ್ದಾಗ ನೀವು ಪಕ್ಕದ ಬಾಗಿಲಿನಿಂದ ಹೊರಟಿರಿ. ಅಷ್ಟು ಹಗುರವಾಗಿ ನಾನು ಉಸಿರಾಡಿ ಯಾವ ಕಾಲವಾಗಿತ್ತೋ.

ಆಟವನ್ನು ಮಾರಿದ ಕಂಪನಿ ಮುಚ್ಚಿ ಹೋಗಿದೆ, ಕೇಳುವವರಿಲ್ಲ, ತೆರೆಯ ಮೇಲಿನ ಹೆಸರು ಬದಲಿಸಬಹುದು ಎಂದ ಮೆಕ್ಯಾನಿಕ್. ಎರಡೂ ಹೆಸರು ಹಾಕೋಣವೇ ಎಂದು ಕೇಳಿದ. ಬೇಡ ಅಂದೆ. ಈಗ ಅಲ್ಲಿ ನನ್ನದೊಂದೇ ಇದೆ. ನಿಮ್ಮದನ್ನು ಮತ್ತೆ ಹಾಕಿಸಿಕೊಡು ಎಂದು ಕಾಗದದಲ್ಲಿ ಬೇಡಿದ್ದೀರಿ. ಹಾಕಿಸುವುದಿಲ್ಲ.

ಇಂತಿ,
ಡ್ರಾಯಿಂಗ್ ಟೀಚರ್

ತಾ.ಕ.: ಎರಡು ಆಯುಧಗಳು ಒಂದಕ್ಕೊಂದು ಸಿಕ್ಕಿಕೊಂಡು, ಇಬ್ಬರೂ ಬಿಡಿಸಿಕೊಳ್ಳಲು ಒದ್ದಾಡುವ ಆ ಗಳಿಗೆಯೇ ಈ ಆಟದ ಜೀವ ಅನ್ನುತ್ತಾರೆ ಹುಡುಗರು. ಅದು ಯಾರಿಗೆ ಹೊಳೆದದ್ದು ಎಂದು ಎಲ್ಲರೂ ಕೇಳುತ್ತಾರೆ. ನಿಮಗೆ ಹೊಳೆದದ್ದು, ಮೂರು ವಾರ ಊಟ ನಿದ್ದೆ ಬಿಟ್ಟು ಅದನ್ನು ಆಟಕ್ಕೆ ಕೂಡಿಸಿದಿರಿ. ಕೇಳಿದವರಿಗೆ ಮಾತ್ರ, ನನಗೆ ಹೊಳೆದದ್ದು ಅಂತ ಹೇಳಿದ್ದೇನೆ.