ಕೈ ಕೂಡಿದ ಮೇಲೆ ಅಳತೆ ಬದಲಿಸಿದವರಿಗೆ

ಮಾನ್ಯ ವಿಶ್ವವಿದ್ಯಾಲಯ ಸುಧಾರಣಾ ಸಮಿತಿಯ ಅಧ್ಯಕ್ಷರೇ,

ಕಮ್ಯುನಿಸ್ಟರ ಕೆಂಪು ಬಾವುಟ ಇಳಿಸಿದ ನಿಮ್ಮ ದೇಶದಲ್ಲಿ ಕುಳಿತು ನೀವು ಪದವಿಗಳ ಅಳತೆ ಬದಲಿಸಿದಿರಿ. ಇಲ್ಲಿ ಗಜೇಂದ್ರಗಡದಲ್ಲಿ ನನ್ನ ಅಣ್ಣನ ಮಗಳು ನಾಜಮೀನ, ನಿಮ್ಮಲ್ಲಿ ಐದು ವರ್ಷ ಓದಿಯೂ ದನದ ಡಾಕ್ಟರ್ ಆಗದೆ ಕುಳಿತಿದ್ದಾಳೆ. ಪತ್ರ ಕನ್ನಡದಲ್ಲಿದೆ ಎಂದು ಮುಖ ಸಿಂಡರಿಸಬೇಡಿ. ಅವಳು ನಿಮ್ಮ ಭಾಷೆಯನ್ನು ಒಂದೇ ಚಳಿಗಾಲದಲ್ಲಿ ಕಲಿತಳು. ನಿಮಗೆ ಒಂದು ಬೇಸಿಗೆ ಸಾಕು.

ನಾನು ದನದ ಸಂತೆಯ ದಲಾಲ. ಓದಿದ್ದು ಊರ ಶಾಲೆಯಲ್ಲಿ ಏಳನೆಯ ಇಯತ್ತೆ. ಆದರೆ ರೋಣ, ನರಗುಂದ, ಗಜೇಂದ್ರಗಡದಲ್ಲಿ ನಾನು ಹಲ್ಲು ನೋಡದ ಎತ್ತಿಲ್ಲ, ನನ್ನ ಹಲ್ಲು ನೋಡದ ಎತ್ತೂ ಇಲ್ಲ. ನಮ್ಮ ವ್ಯಾಪಾರ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು, ಗುಟ್ಟಾಗಿ ದರ ಸೂಚಿಸಿ ನಡೆಯುತ್ತದೆ. ಒಪ್ಪಿ ಕೈ ಕೂಡಿದ ಮೇಲೆ ದರ ಏರಲಿ, ಇಳಿಯಲಿ, ಮಾತು ಮಾತೇ. ತಪ್ಪಿದವನ ಟವೆಲ್ಲಿನೊಳಗೆ ಮತ್ತೆ ಯಾರೂ ಕೈ ಹಾಕುವುದಿಲ್ಲ. 2003ರಲ್ಲಿ ನೀವು ‘ಐದು ವರ್ಷ ಓದು, ಪಶುವೈದ್ಯೆಯಾಗು’ ಎಂದಾಗ ಅದನ್ನೂ ಕೂಡಿದ ಕೈ ಎಂದೇ ನಂಬಿದೆವು. ಅವಳ ಓದು ಅರ್ಧದಲ್ಲಿದ್ದಾಗ ನೀವು ಯುರೋಪಿನ ಹತ್ತಾರು ದೇಶಗಳೊಂದಿಗೆ ಒಂದೇ ಅಳತೆಗೆ ಸಹಿ ಹಾಕಿದಿರಿ: ನಾಲ್ಕು ವರ್ಷಕ್ಕೊಂದು ಪದವಿ, ಮೇಲೆ ಎರಡು ವರ್ಷಕ್ಕೆ ಇನ್ನೊಂದು, ಎಲ್ಲಕ್ಕೂ ಕ್ರೆಡಿಟ್ಟು ಎಂಬ ಅಂಕದ ಲೆಕ್ಕ.

ಸುಧಾರಣೆ ತಪ್ಪೆಂದು ನಾನು ಹೇಳುವುದಿಲ್ಲ. ಒಂದು ದೇಶದ ಓದು ಇನ್ನೊಂದರಲ್ಲಿ ನಡೆಯಬೇಕು, ಒಪ್ಪಿದೆ. ಸೇರು ಹೋಗಿ ಕಿಲೋ ಬಂದಾಗ ನಮ್ಮಪ್ಪನೂ ಬೈದು ಬೈದು ಕೊನೆಗೆ ಒಪ್ಪಿದ. ಆದರೆ ಸೇರಿನಲ್ಲಿ ಅಳೆದು ತಂದದ್ದು ಇನ್ನು ಜೋಳವೇ ಅಲ್ಲ ಎಂದು ಅಂದು ಯಾರಾದರೂ ಹೇಳಿದ್ದರೇ? ಇಲ್ಲಿಯ ಪಶುವೈದ್ಯರ ನೋಂದಣಿ ಕಚೇರಿ ಕೇಳುತ್ತದೆ: ಇದು ನಾಲ್ಕರ ಪದವಿಯೋ, ಆರರದೋ? ನೀವು ಹೇಳುತ್ತೀರಿ: ಹಳೆಯ ವಿದ್ಯಾರ್ಥಿ ತಂಡಗಳ ಬಗ್ಗೆ ನಿಯಮ ಇನ್ನೂ ಆಗಿಲ್ಲ. ದೇಶದೇಶಗಳನ್ನು ಹತ್ತಿರ ತಂದ ಮಹಾನುಭಾವರೇ, ಈ ಒಬ್ಬ ಹುಡುಗಿಯನ್ನು ಎಲ್ಲಿ ಬಿಟ್ಟಿರಿ?

ಹೋದ ಚಳಿಗಾಲ ಪುರ್ತಗೇರಿಯ ಸಿದ್ದವ್ವನ ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿತ್ತು. ಸರಕಾರಿ ಡಾಕ್ಟರು ಬೇರೆ ಊರಿಗೆ ಹೋಗಿದ್ದರು. ನಾನೇ ಜಂಬದಿಂದ ನಾಜಮೀನಳನ್ನು ಕರೆದೊಯ್ದೆ. ಅವಳು ಅಂಗಿಯ ತೋಳು ಮೇಲೇರಿಸಿದಳು. ಅಲ್ಲಿಗೇ ನಿಂತುಬಿಟ್ಟಳು.

“ಕೈ ಹಚ್ಚವಾ, ಏನ ನೋಡಾಕತ್ತಿ?” ಎಂದಳು ಸಿದ್ದವ್ವ.

“ನನಗ ನೋಂದಣಿ ಇಲ್ರಿ ಅವ್ವಾರ. ಕೈ ಹಚ್ಚಿದ್ರ ಕೇಸ್ ಆಕ್ಕೈತಿ, ಮುಂದ ನೋಂದಣಿ ಎಂದೂ ಸಿಗಂಗಿಲ್ಲ ಅಂತ ಕಚೇರ್ಯಾಗ ಅಂದಾರ.”

“ಎಮ್ಮಿ ನಂದೈತಿ. ಕೇಸ್ ಹಾಕಾಕ ಎಮ್ಮಿ ಕೋರ್ಟಿಗೆ ಹೋಕ್ಕೈತೇನು?”

ನಾನು ನಕ್ಕೆ. ಹುಡುಗಿ ನಗಲಿಲ್ಲ. ಎಮ್ಮೆಯ ತಲೆ ಹಿಡಿದು ಕುಳಿತಳು, ಅಷ್ಟೇ. ಸರಕಾರಿ ಡಾಕ್ಟರು ಬರುವಷ್ಟರಲ್ಲಿ ಕರುವೂ ಇಲ್ಲ, ಎಮ್ಮೆಯೂ ಇಲ್ಲ.

“ಜಂಗ್ಲಿಸಾಬ, ಡಿಗ್ರಿ ನಿನ್ನ ಬಾಯಿಗೆ ಬಂದೈತಿ ನೋಡೋ, ಹುಡುಗಿಗಲ್ಲ,” ಎಂದಳು ಸಿದ್ದವ್ವ. ಸಂತೆಯನ್ನೇ ಬಾಯಲ್ಲಿ ಗೆದ್ದ ನಾನು ಹುಡುಗಿಯನ್ನು ಕರೆದುಕೊಂಡು ಹೊರಟೆ.

ದಾರಿಯಲ್ಲಿ ನಾಜಮೀನ ಒಂದೇ ಮಾತಾಡಿದಳು: “ಚಾಚಾ, ಇನ್ನ ಯಾರ ಮುಂದನೂ ನನ್ನ ಡಾಕ್ಟರ್ ಅನಬ್ಯಾಡ್ರಿ.” ಅಂದಿನಿಂದ ಯಾವ ಕೊಟ್ಟಿಗೆಗೂ ಕಾಲಿಟ್ಟಿಲ್ಲ.

ಹಳೆಯ ಐದು ವರ್ಷ ಹೊಸ ಅಳತೆಯಲ್ಲಿ ಎಷ್ಟೆಂಬ ನಿಯಮವನ್ನು ಈ ವರ್ಷವೇ ಮಾಡಿ, ಇಲ್ಲಿಯ ಕಚೇರಿಗೆ ತಿಳಿಸಿ. ಒಂದು ಪ್ರತಿ ಅವಳಿಗೂ ಬರಲಿ. ಲಕೋಟೆಯ ಮೇಲೆ ಡಾಕ್ಟರ್ ನಾಜಮೀನ ಎಂದೇ ಬರೆಯಿರಿ. ನಮ್ಮ ಅಂಚೆಯವನು ಓಣಿಯ ತುದಿಯಿಂದಲೇ ಹೆಸರು ಕೂಗುತ್ತ ಬರುತ್ತಾನೆ. ನಾನು ಕೂಗುವಂತಿಲ್ಲ.

ಇಂತಿ,
ಮನೆಯಲ್ಲಿ ಈಗ ಮೆತ್ತಗೆ ಮಾತಾಡುವ
ಜಂಗ್ಲಿಸಾಬ, ಗಜೇಂದ್ರಗಡ