ಕರೀಬೇಡಿ, ಸುಮ್ನೆ ಕೂತಿರಿ

ಸೋಮವಾರ, ಜೂನ್ 2

ಆಟದ ಸಾಮಾನೆಲ್ಲ ಒರೆಸಿಟ್ಟೆ. ರಬ್ಬರ್ ಬಾತುಕೋಳಿಯ ಕೊಕ್ಕನ್ನು ಮತ್ತೆ ಯಾರೋ ಕಡಿದಿದ್ದಾರೆ. ಗೋಡೆಯ ಕ್ಯಾಮೆರಾ ರಿಪೇರಿಗೆ ಬಂದಾತ ಬಾಗಿಲ ಬೋರ್ಡ್ ಓದಿ ನಕ್ಕ. "ಮಾತೇ ಬರದ ಕೂಸುಗಳಿಗೂ ಮನಸ್ಸಿನ ಡಾಕ್ಟ್ರಾ ಮೇಡಂ? ನಿಮ್ಹತ್ರ ಏನಂತ ಹೇಳ್ಕೋತವೆ?" ದೊಡ್ಡವರಿಗಿಂತ ವಾಸಿ, ಸುಳ್ಳು ಹೇಳಲ್ಲ ಅಂದೆ.

ನಾಳೆ ಬಟಾಣಿಯ ಕೇಸು. ಹನ್ನೊಂದು ತಿಂಗಳ ಹೆಣ್ಣುಮಗು. ಬಟಾಣಿ ನಾನಿಟ್ಟ ಹೆಸರು. ಹೆರಿಗೆಯ ನಂತರ ತಾಯಿಗೆ ಖಿನ್ನತೆ ಹೆಚ್ಚಾಗಿ ಆಸ್ಪತ್ರೆ ಸೇರಿದ್ದಳು. ಮಗು ನಾಲ್ಕು ತಿಂಗಳಿಂದ ದೊಡ್ಡಮ್ಮನ ಮನೆಯಲ್ಲಿ. ಈಗ ತಾಯಿ ಹುಷಾರಾಗಿದ್ದಾಳೆ, ಮಗು ಬೇಕು ಅನ್ನುತ್ತಾಳೆ. ಕೊಡುವುದೋ ಬೇಡವೋ... ಹದಿಮೂರಕ್ಕೆ ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನಿಸುತ್ತದೆ, ನನ್ನ ವರದಿ ನೋಡಿಕೊಂಡು.

ಮಂಗಳವಾರ, ಜೂನ್ 3, ಸಂಜೆ 5

ಮುಗಿಯಿತು. ತಾಯಿ ಕೆಲಸದ ಇಂಟರ್‌ವ್ಯೂಗೆ ಬಂದವಳಂತೆ ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದಿದ್ದಳು. ಏನು ಹೇಳಿದರೂ "ಸರಿ ಮೇಡಂ". ಮೊದಲ ಐದು ನಿಮಿಷ, ಮಗು ತಾನಾಗಿ ಏನು ಮಾಡುತ್ತದೆ ಎಂದು ನೋಡುವುದು. "ಕರೀಬೇಡಿ, ಮುಟ್ಬೇಡಿ, ಸುಮ್ನೆ ಕೂತಿರಿ" ಅಂತ ಹೇಳಿ ನೋಟ್ಸ್ ಹಿಡಿದು ಕೂತೆ.

ಆಮೇಲೆ, ಅಳುವ ಮಗುವನ್ನು ತಾಯಿ ಹೇಗೆ ಸಮಾಧಾನ ಮಾಡುತ್ತಾಳೆ ನೋಡಲು, ಮಗುವನ್ನು ಕರೆತಂದಿದ್ದ ದೊಡ್ಡಮ್ಮನನ್ನು ಹೊರಗೆ ಕಳಿಸಿದೆ. ಬಟಾಣಿ ಬಾಗಿಲಿನ ತನಕ ಅಂಬೆಗಾಲಿಟ್ಟು ಹೋಗಿ ಕಿರುಚಿ ಕಿರುಚಿ ಅತ್ತಿತು. ತಾಯಿ ಕೂತಲ್ಲಿಂದ ಅಲ್ಲಾಡಲಿಲ್ಲ! ಎರಡು ನಿಮಿಷವಾದ ಮೇಲೆ ದೊಡ್ಡಮ್ಮನನ್ನೇ ಒಳಗೆ ಕರೆದೆ.

"ಮಗುವಿನ ಅಳುವಿಗೆ ತಾಯಿ ಸ್ಪಂದಿಸುವುದಿಲ್ಲ" ಎಂದು ಬರೆದೆ. ಸಮಿತಿಗೆ ಕಳಿಸಿಯೂ ಬಿಟ್ಟೆ. ಅವಳ ಮೇಲೆ ಸಿಟ್ಟು ಬಂದಿತ್ತು, ನಿಜ.

ಬುಧವಾರ, ಜೂನ್ 11

ಸಮಿತಿ ಸೇರುವ ಮುಂಚೆ ನಮ್ಮ ಸೀನಿಯರ್ ಒಮ್ಮೆ ಕೋಣೆಯ ಕ್ಯಾಮೆರಾದ ವಿಡಿಯೋ ನೋಡುತ್ತಾರೆ. ಇವತ್ತು ಕೂತರು. ನಾನು ಆರಾಮಾಗಿ ಕಾಫಿ ಕುಡಿಯುತ್ತಿದ್ದೆ.

"ಸ್ವಲ್ಪ ನಿಲ್ಸಮ್ಮ. ಈ ತಾಯಿ ಯಾರನ್ನ ನೋಡ್ತಿದಾಳೆ?"

ನನ್ನನ್ನು. ಮಗು ಅತ್ತ ಕೂಡಲೇ ಅರ್ಧ ಎದ್ದಳು. ನನ್ನ ಕಡೆ ನೋಡಿದಳು, ಕೂತಳು. ಮತ್ತೆ ಹಾಗೇ. ಮೂರನೇ ಸಲ ಏನೋ ಕೇಳಲು ಬಾಯಿ ತೆರೆದಳು. ನಾನು ತಲೆ ತಗ್ಗಿಸಿಕೊಂಡು ಗೀಚುತ್ತಿದ್ದೇನೆ.

"ಇನ್ನು ಎತ್ಕೋಬಹುದು ಅಂತ ಹೇಳಿದ್ಯಾ?"

"ಇಲ್ಲ ಸರ್. ಮರೆತೆ."

ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಸುಮ್ನೆ ಕೂತಿರು ಅಂದವಳು ನಾನು. ಸುಮ್ಮನೆ ಕೂತಳು ಅಂತ ದೂರು ಬರೆದವಳೂ ನಾನೇ.

ಗುರುವಾರ, ಜೂನ್ 12, ಮಧ್ಯಾಹ್ನ

ವರದಿ ವಾಪಸು ಪಡೆಯುವ ಪತ್ರ ಕಳಿಸಿದೆ. ಸಮಿತಿಯ ಅಧ್ಯಕ್ಷರು ಫೋನಿನಲ್ಲೇ ಚಳಿ ಬಿಡಿಸಿದರು. "ಏನ್ರೀ, ನಾಳೆ ಮೀಟಿಂಗ್ ಇಟ್ಕೊಂಡು ಇವತ್ತು ಹೀಗಂತೀರಾ?" ತಪ್ಪು ನನ್ನದು ಸರ್, ತಾಯಿಯದಲ್ಲ ಅಂದೆ. ನಾಲ್ಕು ಸಲ ಅಂದೆ. ಕೊನೆಗೆ ಮೀಟಿಂಗ್ ಮುಂದೂಡಲು ಒಪ್ಪಿದರು — ಸೋಮವಾರ ಇನ್ನೊಮ್ಮೆ ನೋಡುವುದು, ಕೋಣೆಯ ಗಾಜಿನ ಗೋಡೆಯಾಚೆ ಸಮಿತಿಯ ಸದಸ್ಯೆಯೊಬ್ಬರು ಕೂರುವುದು. ಅದೇ ಕೊನೇ ಅವಕಾಶ.

ತಾಯಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಕ್ಷಮೆ ಕೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದಿಷ್ಟೇ, "ಹಾಗಾದ್ರೆ ಆವತ್ತು ನಾನು ಎತ್ಕೋಬಹುದಿತ್ತಾ ಮೇಡಂ?"

ಹ್ಞೂಂ ಅನ್ನುವಷ್ಟರಲ್ಲಿ ಸಾಕಾಗಿ ಹೋಯಿತು.

ಸೋಮವಾರ, ಜೂನ್ 16

ಪೆನ್ನು, ಪುಸ್ತಕ ಎರಡನ್ನೂ ಹೊರಗಿಟ್ಟೆ. "ನಿಮಗೆ ಹೇಗೆ ತೋಚುತ್ತೋ ಹಾಗೆ ಇರಿ" ಅಂದೆ. ಎರಡು ಸಲ ಹೇಳಿದೆ.

ದೊಡ್ಡಮ್ಮ ಎದ್ದು ಹೋದಳು. ಬಟಾಣಿ ರಾಗ ತೆಗೆಯಿತು. ತಾಯಿ ಓಡಿ ಹೋಗಿ ಎತ್ತಿಕೊಂಡಳು. ಮಗು ಅವಳನ್ನು ಒದೆಯಿತು, ಬೆನ್ನು ಬಿಲ್ಲು ಮಾಡಿತು, ಬಾಗಿಲ ಕಡೆ ಕೈ ಚಾಚಿತು. ಅವಳು ಬಿಡಲಿಲ್ಲ. "ದೊಡ್ಡಮ್ಮ ಬೇಕಾ ಕಂದಾ? ಬರ್ತಾಳೆ, ಬರ್ತಾಳೆ" ಅನ್ನುತ್ತ ಉದ್ದಕ್ಕೂ ಅಡ್ಡಕ್ಕೂ ಓಡಾಡಿದಳು. ಆರು ನಿಮಿಷ. ಅಳು ಬಿಕ್ಕಾಯಿತು. ಕೊನೆಗೆ ಮಗು ಅವಳ ಹೆಗಲಿಗೆ ಕೆನ್ನೆ ಒತ್ತಿ ಕಣ್ಣು ಮುಚ್ಚಿತು.

ಗಾಜಿನಾಚೆಯಿಂದ ಸದಸ್ಯೆ ಗಾಜು ತಟ್ಟಿದರು, ಸಾಕು ಅಂತ. ತಾಯಿ ನಡೆಯುವುದು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಮಗು ಏಳದ ಹಾಗೆ, ಮೆಲ್ಲಗೆ, "ಮೇಡಂ, ಈಗ ಕೆಳಗಿಳಿಸ್ಬೇಕಾ?"

ಬೇಡಮ್ಮಾ ಅಂದೆ. ನಿಮ್ಮ ಮಗು ಅದು, ಅದಕ್ಕೂ ನನ್ನನ್ನ ಕೇಳ್ತೀರಾ ಅನ್ನಲು ಹೋದೆ, ಆದರೆ ನನ್ನನ್ನು ಕೇಳದೆ ಮಗುವನ್ನು ಮುಟ್ಟಬಾರದು ಅಂತ ಅವಳಿಗೆ ಕಲಿಸಿದವಳೇ ನಾನು; ಸುಮ್ಮನೆ ಕುರ್ಚಿ ಎಳೆದುಕೊಟ್ಟು, "ಎತ್ಕೊಂಡೇ ಕೂತ್ಕೊಳ್ಳಿ" ಅಂದೆ.